ದನಿಗಲ್ಲು ಹುಡುಕಿ ಹೋದದ್ದು

ಹನ್ನೊಂದನೆಯ ವಯಸ್ಸಿನಲ್ಲಿ ಬರೆದ ನನ್ನ ದಿನಚರಿಯಲ್ಲಿ ಹೀಗೊಂದು ಸಾಲಿದೆ: ‘ಇವತ್ತು ಅವ್ವ ಮತ್ತು ನಾನು ಬೆಟ್ಟ ಹತ್ತಿ ದನಿಗಲ್ಲು ಬಾರಿಸಿದೆವು. ದೇವಸ್ಥಾನದ ಗಂಟೆಯ ಹಾಗೆ ಕೇಳಿಸಿತು.’ ಅಕ್ಷರ ನನ್ನದೇ. ಆದರೆ ಹತ್ತಿದ ದಾರಿಯಾಗಲಿ, ಕಲ್ಲಿನ ಬಣ್ಣವಾಗಲಿ, ಯಾವುದರಿಂದ ಬಾರಿಸಿದೆವು ಎಂಬುದಾಗಲಿ ನನಗೆ ನೆನಪಿಲ್ಲ. ನೆನಪಿರುವುದು ಈ ಸಾಲು ಮಾತ್ರ. ಅವ್ವನಿಗೆ ಓದಿ ಹೇಳಿದಾಗ ಅವಳು ನಕ್ಕುಬಿಟ್ಟಳು.

“ನೀನೆಲ್ಲಿ ಬಂದಿದ್ದೆ? ನಿಂಗೆ ಜ್ವರ ಬಂದು ಅಜ್ಜಿ ಮನೇಲಿ ಕಂಬ್ಳಿ ಒದ್ಕಂಡು ಮಲ್ಗಿದ್ದೆ. ನಾನೊಬ್ಳೇ ಓಗ್ಬಂದು ನಿಂಗೆ ಕತೆ ಯೇಳ್ದೆ.”

ಈ ಮಾತು ನಡೆದದ್ದು ಹಾಸನದ ನನ್ನ ಮನೆಯಲ್ಲಿ, ಅವ್ವನನ್ನು ಕಿವಿ ಡಾಕ್ಟರಿಗೆ ತೋರಿಸಿ ಬಂದ ಮಧ್ಯಾಹ್ನ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಉಳಿದಿರುವುದೂ ಕಡಿಮೆಯಾಗುತ್ತಲೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಕಿವಿಗೆ ಹಾಕುವ ಮಿಷನ್ನನ್ನು ಅವ್ವ ಅರ್ಧ ಗಂಟೆ ಇಟ್ಟುಕೊಂಡಳು. “ಇರೀಸಾವೆ ಬಸ್ ಸ್ಟ್ಯಾಂಡೇ ತಲೆ ಒಳೀಕೆ ಬಂದಂಗಾಯ್ತದೆ” ಎಂದು ತೆಗೆದು ಎಲೆಯಡಿಕೆ ಚೀಲಕ್ಕೆ ಹಾಕಿದಳು. ಚೀಲದ ಬಾಯಿ ಬಿಗಿದು ಹೇಳಿದಳು:

“ಇರೋ ಚೂರು ಕಿವಿ ಓಗಕ್ ಮುಂಚೆ ಆ ಕಲ್ಲ ಇನ್ನೊಂದ್ಸಲ ಕೇಳ್ಬೇಕು ಕಣೇ.”

ಅವ್ವನ ತವರು ಅರಕಲಗೂಡಿನ ಕಡೆ, ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣಕ್ಕೆ ಹೋಗುವ ದಿಕ್ಕಿನಲ್ಲಿ, ಒಂದು ಬೋಳುಬೆಟ್ಟದ ಬುಡದಲ್ಲಿದೆ. “ಆ ಊರ್ನೋರ್ಗೆ ತಂಬೂರಿ, ನಮ್ಗೆ ಕಲ್ಲು” ಎಂದು ಅವಳು ತಮಾಷೆ ಮಾಡುತ್ತಿದ್ದಳು. ಹುಡುಗಿಯಾಗಿದ್ದಾಗ ದನ ಕಾಯುತ್ತಾ ಆ ಕಲ್ಲನ್ನು ಬಾರಿಸುತ್ತಿದ್ದಳಂತೆ. ಮದುವೆಯಾಗಿ ಬಂದದ್ದು ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಕ್ಕೆ. ಅಲ್ಲಿ ಅವಳ ಕೆಲಸ ಕೊಬ್ಬರಿ ನೋಡುವುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಆಗ ಕಾಯಿ ಗಿಟುಕಾಯಿತು ಎನ್ನುತ್ತಾರೆ. ಅವ್ವ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆದದ್ದನ್ನು ಒಂದು ಕಡೆ, ಆಗದ್ದನ್ನು ಇನ್ನೊಂದು ಕಡೆ ಹಾಕುತ್ತಾಳೆ. ಅವಳು ಆರಿಸಿದ ಕಾಯಿ ಒಡೆದಾಗ ಹಸಿಯಾಗಿದ್ದದ್ದನ್ನು ನಾನು ಕಂಡಿಲ್ಲ. ಅವ್ವ ಎಂದರೆ ನನಗೆ ಮೊದಲು ಕಾಣುವುದೇ ಆ ಕಿವಿ, ಆ ಕಾಯಿ.

ಜನವರಿಯ ಒಂದು ಭಾನುವಾರ ಹೊರಟೆವು. ತೋಟದ ಮನೆಯಲ್ಲಿರುವ ಅಣ್ಣ ಅವ್ವನನ್ನು ಚನ್ನರಾಯಪಟ್ಟಣದಲ್ಲಿ ಬಸ್ ಹತ್ತಿಸಿ ಕಂಡಕ್ಟರಿಗೆ ಹೇಳಿದ್ದ. ನಾನು ಹಾಸನದಿಂದ ಬಂದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಅರಕಲಗೂಡಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಬೆಟ್ಟದ ಬುಡ ತಲುಪಿದಾಗ ಹತ್ತು ಗಂಟೆ. ರಾಗಿ ಕೊಯ್ದ ಹೊಲಗಳ ಮೇಲಿನ ಮಂಜು ಆಗಷ್ಟೇ ಕರಗುತ್ತಿತ್ತು. ಅದು ಕರಗಿದ ಹಾಗೆ ಬೆಟ್ಟ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡಿತು. ಮೊದಲು ತುದಿಯ ಎರಡು ಗುಂಡುಗಳು, ಆಮೇಲೆ ಮಳೆನೀರು ಇಳಿದು ಕಪ್ಪಾದ ಗೆರೆಗಳು, ಕೊನೆಗೆ ಬುಡದ ಹಳದಿ ತಂಗಡಿ ಹೂ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

“ಇದು ನೆಪ್ಪೈತಾ?” ಎಂದಳು ಅವ್ವ.

ನೆನಪಿದೆ ಎನ್ನಲು ಬಹಳ ಆಸೆಯಾಯಿತು. ಇಲ್ಲ ಎಂದು ತಲೆಯಾಡಿಸಿದೆ.

ಅವಳು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಹತ್ತಿದಳು. ಎಪ್ಪತ್ತು ದಾಟಿದವಳು ಮುಂದೆ, ಬೂಟು ಹಾಕಿದ ನಾನು ಹಿಂದೆ. ಅರ್ಧ ದಾರಿಯಲ್ಲಿ ಒಂದು ಕರಿಯ ಹಾಸುಗಲ್ಲಿನ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಕಲ್ಲು ಕುಳಿ ಕುಳಿಯಾಗಿತ್ತು. ಅದರ ಒಂದು ಕುಳಿಯಲ್ಲಿ ನೀರಿನ ಬಾಟಲಿ ಬೀಳದೆ ನಿಂತಿತು, ಒಳ್ಳೆಯದಾಯಿತು ಅಂದುಕೊಂಡೆ.

“ಇನ್ನೂ ಮ್ಯಾಲೆ ಕಣೇ. ದೊಣೆ ತಾವ” ಎಂದಳು ಅವ್ವ.

ತುದಿ ಮುಟ್ಟಿದೆವು. ಬಂಡೆಯ ನೆತ್ತಿಯಲ್ಲಿ ದೊಣೆ, ಅಂದರೆ ಕಲ್ಲೇ ಬಟ್ಟಲಾದ ಒಂದು ಸಣ್ಣ ಕೊಳ. ಅದರ ನೀರಿನಲ್ಲಿ ಆಕಾಶ ಅಲುಗಾಡದೆ ಕೂತಿತ್ತು. ದಕ್ಷಿಣಕ್ಕೆ ಹಸಿರು ಪಟ್ಟಿಯ ನಡುವೆ ಕಾವೇರಿ ಒಂದೇ ಒಂದು ಕಡೆ ಹೊಳೆಯಿತು. ಪಶ್ಚಿಮದಲ್ಲಿ ಘಟ್ಟದ ಸಾಲು ನೀಲಿ, ಅದರ ಹಿಂದೆ ತೆಳುನೀಲಿ, ಅದರಾಚೆ ಬೆಟ್ಟವೋ ಮೋಡವೋ ಹೇಳಲಾಗದ ಬಣ್ಣ. ಭೂಮಿಯ ಬಹಳ ಹಳೆಯ ಕಲ್ಲುಗಳಲ್ಲಿ ನಮ್ಮ ಜಿಲ್ಲೆಯವೂ ಸೇರಿವೆ ಎಂದು ಓದಿದ್ದೆ. ಓದಿದಾಗ ಅದು ಒಂದು ವಾಕ್ಯವಾಗಿತ್ತು. ಈಗ ಬಿಸಿಲಿಗೆ ಬೆಚ್ಚಗಾದ ಆ ಮೈಯ ಮೇಲೆ ನಿಂತು, ಇದರ ಮುಂದೆ ನನ್ನ ಹನ್ನೊಂದನೆಯ ವಯಸ್ಸು ಎಷ್ಟರದು ಅನ್ನಿಸಿತು.

ಆದರೆ ಕಲ್ಲು ಎಲ್ಲಿ? ದೊಣೆಯ ಮೂಡಲಿಗೆ ಎಂದಳು ಅವ್ವ. ಅಲ್ಲಿ ಬರೀ ಲಂಟಾನ. ಪಡುವಲಿಗಿರಬೇಕು ಎಂದಳು. ನಾನು ಒಂದು ಗುಂಡುಕಲ್ಲು ಹಿಡಿದು ಸಿಕ್ಕಿದ ಬಂಡೆಗಳನ್ನೆಲ್ಲ ಕುಟ್ಟುತ್ತಾ ಹೋದೆ. ಪ್ರತಿ ಸಲವೂ ಮೊಂಡು ಶಬ್ದ. ಪ್ರತಿ ಸಲವೂ ಅವ್ವ ಎಡಗಿವಿ ಮುಂದೆ ಮಾಡಿ, “ಹೊಡುದ್ಯಾ?” ಎನ್ನುವಳು. “ಹೊಡೆದೆ ಕಣವ್ವಾ, ಇದಲ್ಲ!” ಎಂದು ನಾನು ಕಿರುಚುವೆ. ನನ್ನ ಕಿರುಚಾಟ ಎದುರು ಬಂಡೆಗೆ ಬಡಿದು ವಾಪಸ್ಸು ಬರುವುದು. ಒಂದು ಗಂಟೆ ಹೀಗೇ ಕಳೆಯಿತು. ನನ್ನ ದಿನಚರಿಯಂತೆ ಅವ್ವನ ನೆನಪೂ ಯಾರೋ ಹೇಳಿದ ಕತೆಯೇ ಇರಬಹುದೇ ಎಂಬ ಅನುಮಾನ ಬಂತು. ಅವಳ ಮುಖ ನೋಡಲಾಗಲಿಲ್ಲ.

“ಏನ್ ಮೇಡಮ್ಮೋರೇ, ಬಂಡೆ ಗಿಟುಕಾಯ್ತಾ ಅಂತ ನೋಡ್ತಿದೀರಾ?”

ಕೆಳಗಿನ ಬಂಡೆಯ ಮೇಲೆ ಒಬ್ಬ ಹೆಂಗಸು, ಸುತ್ತ ಹತ್ತು ಹನ್ನೆರಡು ಮೇಕೆ. ಐವತ್ತರ ಆಸುಪಾಸಿನವಳು, ಸೆರಗನ್ನು ತಲೆಗೆ ಸುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ದನಿಗಲ್ಲಾ? ಅದ್ರ್ ಮ್ಯಾಲೇ ಕುಂತ್ಕಂಡು ರೊಟ್ಟಿ ತಿಂದ್ರಲ್ಲ! ನಾನು ಆವಾಗ್ಲಿಂದ ನೋಡ್ತಾನೇ ಇವ್ನಿ. ಈ ಅಕ್ಕಂಗೆ ಬಂಡೆನೇ ಸಿಕ್ನಿಲ್ವೇನೋ ಅಂದ್ಕಂಡೆ.”

ಅವ್ವನ ಕಿವಿಗೆ ಬಾಯಿಟ್ಟು ಅದನ್ನು ಕೂಗಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ, ದನ ಕಾಯೋವಾಗ ಅದು ನನ್ನ ಎದೆಮಟ್ಟ ಇತ್ತು ಕಣೇ!” ಎಂದಳು. ಕಲ್ಲು ಇದ್ದಲ್ಲೇ ಇತ್ತು. ಅವಳೇ ಬೆಳೆದಿದ್ದಳು. ನನ್ನ ಜ್ವರದ ದಿನ ಬಂದು ನೋಡಿದ್ದರೂ ನೆನಪಿನಲ್ಲಿ ಉಳಿದದ್ದು ಹುಡುಗಿಯ ಅಳತೆಯೇ.

ಇಳಿದು ಬಂದು ಈ ಸಲ ಸರಿಯಾಗಿ ನೋಡಿದೆ. ಕರಿಯ ಹಾಸುಗಲ್ಲು, ಎರಡು ಮಂಚದಷ್ಟು ಉದ್ದ. ಕೆಳಗೆ ಮೂರು ಕಡೆ ಮಾತ್ರ ತಗುಲಿ ನಿಂತಿದೆ, ಮಿಕ್ಕಿದ್ದೆಲ್ಲ ಗಾಳಿಯಲ್ಲಿ. ನಾನು ಬಾಟಲಿ ಇಟ್ಟಿದ್ದ ಕುಳಿಗಳು ಗಾಳಿಮಳೆ ಮಾಡಿದವಲ್ಲ. ಬಾರಿಸಿ ಬಾರಿಸಿ ಸವೆದವು. ಮುಷ್ಟಿ ಹಿಡಿಯುವಷ್ಟು ಆಳ, ಒಳಗೆ ಕನ್ನಡಿಯಂಥ ನುಣುಪು. ಕಲ್ಲಿನಿಂದ ಕಲ್ಲನ್ನು ಇಷ್ಟು ಸವೆಸಲು ಎಷ್ಟು ಕೈ ಬೇಕು, ಎಷ್ಟು ತಲೆಮಾರು ದನ ಕಾಯಬೇಕು? ಅಂದಾಜು ಮಾಡಲು ಹೋಗಿ ನಿಲ್ಲಿಸಿದೆ.

ಗುಂಡುಕಲ್ಲನ್ನು ಕುಳಿಯೊಳಗೆ ಹೊಡೆದೆ.

ಗಂಟೆಯಲ್ಲ. ದಿನಚರಿಯ ಸಾಲು ಸುಳ್ಳು. ಮೊದಲು ಹಂಡೆಯ ಅಂಚಿಗೆ ಸೌಟು ತಗುಲಿದಂಥ ತೆಳು ದನಿ, ಅದರ ಅಡಿಯಿಂದ ಇನ್ನೊಂದು, ತುಂಬ ತಗ್ಗಿನದು, ಬೆಟ್ಟದ ಹೊಟ್ಟೆಯೊಳಗಿಂದ ಎದ್ದು ಬಂದ ಹಾಗೆ. ಪೊದೆಯಿಂದ ಕೌಜುಗಗಳು ಭರ್ರೆಂದು ಎದ್ದವು. ಮೇಯುತ್ತಿದ್ದ ಮೇಕೆಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಅವ್ವ ಎಡಗಿವಿ ಮುಂದೆ ಮಾಡಿಕೊಂಡು ನಿಂತಿದ್ದಳು. ಅವಳ ಕಣ್ಣು ಮೇಕೆಗಳ ಮೇಲಿತ್ತು.

“ಮೇಕೆಗೆಲ್ಲ ಕೇಳ್ತು” ಎಂದಳು.

ನಾನು ಇನ್ನೂ ಜೋರಾಗಿ ಹೊಡೆದೆ. ಇನ್ನೊಂದು ಕುಳಿಗೆ ಹೊಡೆದೆ. ಮಿಷನ್ ಹಾಕಿಕೋ ಎಂದು ಕೂಗಿದೆ. ಹಾಕಿಕೊಂಡಳು. “ಗಾಳಿ ಒಂದೇ ಬುಸುಬುಸು ಅಂತೈತೆ” ಎಂದು ಮತ್ತೆ ತೆಗೆದಳು. ಮೇಕೆಯವಳ ನಗು ನಿಂತಿತ್ತು. ನಾನು ಏಕೆ ಕರೆದುಕೊಂಡು ಬಂದೆ, ಮನೆಯಲ್ಲೇ ಇದ್ದಿದ್ದರೆ ಅವಳ ಒಳಗಿನ ದನಿಯಾದರೂ ಉಳಿಯುತ್ತಿತ್ತಲ್ಲ ಎಂದುಕೊಂಡೆ.

ಅವ್ವ ಕುಕ್ಕರಗಾಲಲ್ಲಿ ಕೂತಳು. ಬಲ ಅಂಗೈಯನ್ನು ಕಲ್ಲಿನ ಮೇಲೆ ಹಗುರವಾಗಿ ಇಟ್ಟಳು.

“ಹೊಡಿ.”

ಹೊಡೆದೆ. ಅವಳು ಕೈಯನ್ನು ಸ್ವಲ್ಪ ಸರಿಸಿದಳು.

“ಇಲ್ಲಲ್ಲ. ಆ ಮೂಲೆ ಕುಳಿಗೆ ಹೊಡಿ. ದಪ್ಪ ದನಿ ಅಲ್ಲೈತೆ.”

ನಾನು ಬೆರಗಾಗಿ ನೋಡಿದೆ. ಅವಳು ನನ್ನ ಮುಖ ನೋಡಿ ನಕ್ಕಳು. “ಏಳೆಂಟೊರ್ಸದಿಂದ ಕಾಯಿ ನೋಡ್ತಿರೋದೂ ಕೈಲೇ ಕಣೇ. ಒಳ್ಗೆ ಕೊಬ್ರಿ ಕುಟ್ಟಾದು ಅಂಗೈಗೆ ಗೊತ್ತಾಯ್ತದೆ.”

“ಮತ್ತೆ ಕಿವಿ ಹತ್ತಿರ ಹಿಡಿಯುತ್ತಿದ್ದೆಯಲ್ಲ?” ಎಂದು ಕೈಸನ್ನೆ ಮಾಡಿದೆ.

“ಅದು ನಿಮ್ಮಣ್ಣಂಗೆ ತೋರ್ಸಕೆ. ಕಿವುಡಿ ಅಂತ ಆವಾಗ್ಲೇ ಗೊತ್ತಾಗಿದ್ರೆ ಅಟ್ಟ ಅತ್ತುಸ್ತಿದ್ನಾ?”

ಅವ್ವನ ಬಗ್ಗೆ ನನಗೆ ಖಾತ್ರಿಯಿದ್ದ ಒಂದೇ ಚಿತ್ರವೂ ಹೀಗೆ ಹೋಯಿತು. ಎಷ್ಟೋ ವರ್ಷ ಎದುರಿಗೇ ಕೂತು ನೋಡಿದ್ದೆ, ನೋಡಬೇಕಾದ್ದು ಅವಳ ಕೈಯನ್ನು ಎಂದು ಹೊಳೆದಿರಲಿಲ್ಲ.

ಮೇಕೆಯವಳು ನನ್ನ ಕೈಯಿಂದ ಗುಂಡುಕಲ್ಲು ಇಸಿದುಕೊಂಡಳು. “ಬುಡಿ ಮೇಡಮ್ಮೋರೇ, ನೀವು ಮೆಣಸಿನ್ಕಾಯಿ ಕುಟ್ಟಿದಂಗೆ ಕುಟ್ಟುತೀರಾ” ಎಂದು ಸೆರಗು ಸಿಕ್ಕಿಸಿಕೊಂಡು, ಮೂಲೆಯ ಕುಳಿಗೆ ಒಂದೇ ಒಂದು ಏಟು ಹಾಕಿದಳು. ದನಿ ಎದ್ದು, ಬೆಟ್ಟದ ಮೈಗುಂಟ ಇಳಿದು, ಹೊಲಗಳ ಕಡೆ ಹೋಯಿತು. ಕೆಳಗೆ ಊರಿನ ಹೆಂಚುಗಳು ಕಾಣುತ್ತಿದ್ದವು. ಜ್ವರದಲ್ಲಿ ಮಲಗಿದ್ದ ಹುಡುಗಿಗೆ ಅಲ್ಲಿವರೆಗೂ ಕೇಳಿಸಿತ್ತೋ ಏನೋ. ಇರಬಹುದು. ಇರಲಾರದು.

ದನಿ ಸಣ್ಣಗಾಗಿ, ಗಾಳಿಯಲ್ಲಿ ಸೇರಿ, ನನ್ನ ಕಿವಿಗೆ ನಿಂತಿತು. ಅವ್ವನ ಎಡಗೈ ಮಾತ್ರ ಮೇಲಕ್ಕೆ ಎದ್ದೇ ಇತ್ತು, ಸುಮ್ಮನಿರಿ ಎಂಬಂತೆ. ಬಲಗೈ ಕಲ್ಲಿನ ಮೇಲೆ. ಕಣ್ಣು ಮುಚ್ಚಿತ್ತು.

“ಇನ್ನೂ ಐತೆ” ಎಂದಳು.

ನಾನು ಬಗ್ಗಿ ಅವಳ ಕೈಯ ಪಕ್ಕ ನನ್ನ ಅಂಗೈ ಇಟ್ಟೆ. ಬಿಸಿಲಿನ ಬಿಸಿ ಬಿಟ್ಟರೆ ನನಗೇನೂ ಸಿಗಲಿಲ್ಲ.

“ಇನ್ನೂ ಐತೆ... ಇನ್ನೂ...”

ಮೇಕೆಯವಳೂ ಉಸಿರು ಹಿಡಿದಿದ್ದಳು.

“ಹ್ಞಾ. ಈಗ ಓಯ್ತು” ಎಂದು ಅವ್ವ ಕಣ್ಣು ತೆರೆದಳು. “ಇನ್ನೊಂದ್ಸಲ ಹೊಡಿಯವ್ವಾ.”