ಎರಡನೇ ಸಲದ ಹಾಡು

ಸಾರಕ್ಕಿಯ ಬೈರಣ್ಣನ ದನಿಗೆ ಒಂದು ಅಳತೆಯಿತ್ತು. ಅವನು ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದಲ್ಲಿ ಮೇಯುತ್ತಿದ್ದ ಅವನ ಎಮ್ಮೆ ತಲೆ ಎತ್ತುತ್ತಿತ್ತು. ಪಕ್ಕದವರ ಎಮ್ಮೆಯೂ ಎತ್ತುತ್ತಿತ್ತು. ಜೆ.ಪಿ. ನಗರ ಬಂದು ಹೊಲಗಳು ಸೈಟುಗಳಾದವು, ಎಮ್ಮೆಗಳು ಹೋದವು, ಬೈರಣ್ಣ ವಠಾರ ಕಟ್ಟಿಸಿದ. ದನಿ ಮಾತ್ರ ಉಳಿಯಿತು. ಅದನ್ನು ಕೇಳುವ ಪಾಳಿ ಬಾಡಿಗೆದಾರರಾದ ನಮ್ಮದಾಯಿತು.

ದನಿ ಬರೀ ದೊಡ್ಡದಲ್ಲ, ಇಂಪಾಗಿಯೂ ಇತ್ತು. ಬೆಳಿಗ್ಗೆ ನೀರು ಸೇದುತ್ತಾ ಅವನು ಎಳೆದ ಆಲಾಪ ಕೇಳುತ್ತಾ ನಿಂತು ನಮ್ಮ ಮನೆಯಲ್ಲಿ ಹಾಲು ಉಕ್ಕಿಸಿಕೊಂಡದ್ದುಂಟು. ಇದನ್ನು ಒಪ್ಪದವರು ಒಬ್ಬರೇ, ಗೊಟ್ಟಿಗೆರೆಯ ಅವನ ಮಾವ ಚಿಕ್ಕಬೈರಪ್ಪ. ಹರೆಯದಲ್ಲಿ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದ್ದವರು. "ಗಂಟ್ಲೈತೆ, ಹಾಡಿಲ್ಲ" ಎಂದು ಮದುವೆಯ ವರ್ಷವೇ ಅಳಿಯನ ಬಗ್ಗೆ ತೀರ್ಪು ಕೊಟ್ಟಿದ್ದರು. ಆ ಮಾತು ಬೈರಣ್ಣನಿಗೆ ಕಾಲಲ್ಲಿ ಮುರಿದ ಮುಳ್ಳಾಗಿತ್ತು.

1979ರ ರಾಜ್ಯೋತ್ಸವಕ್ಕೆ ಊರಿನವರು ನಾಟಕ ಆಡುವುದೆಂದಾಯಿತು. ಹಾರ್ಮೋನಿಯಂ ಮೇಷ್ಟ್ರು ಏಕಾಂತಯ್ಯ ಸಿದ್ದಾಪುರದಿಂದ ಬಂದರು. ಕಥೆ, ಹಾಡು ಎಲ್ಲ ಅವರೇ ಹೆಣೆದದ್ದು. ರಾಜನ ಪಾರ್ಟು ಬೈರಣ್ಣನಿಗೆ. ಮಂತ್ರಿಯದು ಅವನ ಬಾಲ್ಯದ ಗೆಳೆಯ, ಕಾರ್ಖಾನೆಯಲ್ಲಿ ಲೇತ್ ನಡೆಸುವ ಯಲ್ಲಯ್ಯನಿಗೆ. ಯಲ್ಲಯ್ಯನ ದನಿಯನ್ನು ವರ್ಣಿಸುವುದು ಸುಲಭ: ಖಾಲಿ ಡಬ್ಬದಲ್ಲಿ ಮೊಳೆ.

"ಒನ್ಸ್ ಮೋರ್ ಅಂತ ನಿಮ್ಮಪ್ಪನ ಬಾಯಲ್ಲೇ ಅನ್ನಿಸ್ತೀನಿ, ನೋಡ್ತಿರು" ಎಂದು ಬೈರಣ್ಣ ಹೆಂಡತಿ ಅಂಜನಮ್ಮನಿಗೆ ಸವಾಲು ಹಾಕಿದ.

"ಮೊದ್ಲು ಪ್ರಾಕ್ಟೀಸಿಗೆ ಹೋಗಿ, ಆಮೇಲೆ ನಮ್ಮಪ್ಪ."

ಅವನು ಹೋದದ್ದು ಒಂದೇ ದಿನ. ರಾಜ ಪ್ರವೇಶದ ಹಾಡು ಹಾಡಿದಾಗ ಮೇಷ್ಟ್ರ ಬೆರಳುಗಳು ಬೆರಗಾಗಿ ಹಾರ್ಮೋನಿಯಂನ ಮನೆಗಳ ಮೇಲೇ ನಿಂತುಬಿಟ್ಟವು. ಬೈರಣ್ಣನಿಗೆ ಅಷ್ಟು ಸಾಕಾಯಿತು.

"ಕೋಗಿಲೆಗೆ ಯಾರು ಪಾಠ ಹೇಳ್ತಾರೆ ಮೇಷ್ಟ್ರೇ? ನಂದು ಹುಟ್ಟು ಕಂಠ. ತೇಯ್ದ್ರೆ ಸವೆದೋಗ್ತದೆ."

"ಕೋಗಿಲೆ ವರ್ಷಕ್ಕೆ ಎರಡು ತಿಂಗ್ಳು ಕೂಗಿ ಸುಮ್ನಾಯ್ತದೆ ಕಣೋ" ಎಂದ ಯಲ್ಲಯ್ಯ.

"ನೀನು ನಿನ್ನ ಲೇತಿನ ಎಣ್ಣೇನ ಗಂಟ್ಲಿಗೆ ಬಿಟ್ಕೊ ಹೋಗು."

ಬಾರದ ರಾಜನ ಹಾಡುಗಳನ್ನೂ ಯಾರಾದರೂ ಹಾಡಲೇಬೇಕಿತ್ತು. ಹಾಗಾಗಿ ಯಲ್ಲಯ್ಯ ದಿನವೂ ಕೆಲಸ ಮುಗಿಸಿ ಬಂದು ಮಂತ್ರಿಯದನ್ನೂ ರಾಜನದನ್ನೂ ಹಾಡಿದ. ಶಾಲೆಯ ಕೋಣೆಯಿಂದ ಡಬ್ಬ ಅಲ್ಲಾಡುವುದು ಬೀದಿಗೆಲ್ಲ ಕೇಳುತ್ತಿತ್ತು.

ನಾಟಕದ ದಿನ ಚಿಕ್ಕಬೈರಪ್ಪ ಮುಂದಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತರು. ರಾಜ ಬಂದ, ಹಾಡಿದ. ಹೇಗೆ ಹಾಡಿದ ಎಂದು ಬರೆಯಲು ನನಗೆ ಬಾರದು. ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದ, ಮಾವ ಅಗಿಯುವುದನ್ನು ನಿಲ್ಲಿಸಿದರು. ಹಾಡು ಮುಗಿಯಿತು. ಚಿಕ್ಕಬೈರಪ್ಪ ಎದ್ದು ಎರಡೂ ಕೈ ಎತ್ತಿ ಕೂಗಿದರು: "ಒನ್ಸ್ ಮೋರ್!" ಇಡೀ ಪೆಂಡಾಲು ದನಿಗೂಡಿಸಿತು.

ಬೈರಣ್ಣ ಎದೆಯುಬ್ಬಿಸಿ ಮತ್ತೆ ಶುರುಮಾಡಿದ. ಎಲ್ಲಿಂದ ಶುರುಮಾಡಿದ ಎಂಬುದು ಅವನಿಗೂ ತಿಳಿಯಲಿಲ್ಲ, ಮೇಷ್ಟ್ರಿಗೂ ತಿಳಿಯಲಿಲ್ಲ. ಮೊದಲ ಸಲ ಏರಿದ ಕಡೆ ಈಗ ಇಳಿದ. ಹಾರ್ಮೋನಿಯಂ ಸಂತೆಯಲ್ಲಿ ಮಗು ಕಳೆದುಕೊಂಡವರಂತೆ ಅವನನ್ನು ಹುಡುಕಾಡಿತು. ಎರಡನೇ ಸಾಲಿಗೆ ನಾಲ್ಕನೇ ಸಾಲು ಅಂಟಿಕೊಂಡಿತು. ಅವನು ನಿಂತುಬಿಟ್ಟ.

"ಗುರು, ನಾವು ಕೇಳಿದ್ದು ಅದೇ ಹಾಡು, ಬೇರೇದಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು. ಮಾವ ಕೂತರು, ಅಗಿಯುವುದು ಮತ್ತೆ ಶುರುವಾಯಿತು.

ಆಗ ಮಂತ್ರಿ ಮುಂದೆ ಬಂದು ಕೈಮುಗಿದ. "ಮಹಾಪ್ರಭು, ಅರಸರು ಒಮ್ಮೆ ನುಡಿದದ್ದನ್ನು ಮತ್ತೆ ನುಡಿಯುವುದು ಗಾಂಭೀರ್ಯಕ್ಕೆ ತಕ್ಕುದಲ್ಲ. ಅದು ಸೇವಕನ ಕೆಲಸ. ಅಪ್ಪಣೆಯಾಗಲಿ."

ಅಪ್ಪಣೆ ಕೊಡದೆ ಪ್ರಭುವಿಗೆ ಬೇರೆ ದಾರಿಯಿರಲಿಲ್ಲ.

ಯಲ್ಲಯ್ಯ ಹಾಡಿದ. ಡಬ್ಬವೂ ಅದೇ, ಮೊಳೆಯೂ ಅದೇ. ಆದರೆ ಪ್ರತಿ ತಿರುವೂ ಇರಬೇಕಾದಲ್ಲೇ ಇತ್ತು. ಪಡ್ಡೆಗಳು ಕೀಟಲೆಗೆಂದು ಮತ್ತೆ ಮತ್ತೆ ಹಾಡಿಸಿದರು. ಮೂರು ಸಲವೂ ಅದೇ ಜಾಗದಲ್ಲಿ ಉಸಿರು, ಅದೇ ಜಾಗದಲ್ಲಿ ಕೈ. ನಾನು ಕೆಲಸ ಮಾಡುವ ಪ್ರಯೋಗಶಾಲೆಯಲ್ಲಿ ಇಂಥ ಫಲಿತಾಂಶವನ್ನು ನಾವು ನಂಬುತ್ತೇವೆ. ಕಿವಿಗೆ ಹಿತವಾಗಿತ್ತೇ ಎಂದು ಮಾತ್ರ ಕೇಳಬೇಡಿ.

ನಾಟಕ ಮುಗಿದ ಮೇಲೆ ಚಿಕ್ಕಬೈರಪ್ಪ ಬಣ್ಣದ ಕೋಣೆಗೆ ಬಂದರು. ಅಳಿಯ ತಲೆ ಎತ್ತಲಿಲ್ಲ.

"ಹಾಡೂ ಐತಪ್ಪ. ಆದ್ರೆ ಒಂದ್ಸಲಕ್ಕೆ ಆಗೋವಷ್ಟೇ ಐತೆ" ಎಂದರು ಮಾವ.

ಮುಂದಿನ ಭಾನುವಾರ ಬೈರಣ್ಣ ಸಿದ್ದಾಪುರದಲ್ಲಿ ಮೇಷ್ಟ್ರ ಮನೆ ಬಾಗಿಲಿಗೆ ಹೋಗಿ ನಿಂತ.

"ಮೊದಲ್ನೇ ಸಲ ಹಾಡೋದು ನಂಗೆ ಬರ್ತದೆ ಮೇಷ್ಟ್ರೇ. ಎರಡ್ನೇ ಸಲದ್ದೊಂದು ಹೇಳ್ಕೊಟ್ಬಿಡಿ."

ಏಕಾಂತಯ್ಯ ನಗಲಿಲ್ಲ, ಚಾಪೆ ತೋರಿಸಿದರು. "ಕೂತ್ಕೊಳಿ. ಬರೀ ಮೊದಲ್ನೇ ಸಾಲು. ನಾನು ಸಾಕು ಅನ್ನೋವರ್ಗೂ."

ಸಂಜೆಯಾಯಿತು. ಮೇಷ್ಟ್ರು ಸಾಕು ಎನ್ನಲಿಲ್ಲ, ಬೈರಣ್ಣನೂ ಏಳಲಿಲ್ಲ.