ಪುನರ್ಪುಳಿಯ ಗ್ಲಾಸು

ಉಳ್ಳಾಲದ ನಫೀಸಮ್ಮನವರ ಕೈಗಳು ದುಬೈ, ಅಬುಧಾಬಿಯ ಎಷ್ಟೋ ಬಂಗಲೆಗಳ ಗೋಡೆಗಳ ಮೇಲಿದ್ದವು. ಮುಖ ಮಾತ್ರ ಎಲ್ಲಿಯೂ ಇರಲಿಲ್ಲ.

ದುಬೈಯ ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಅವರು ಅಡುಗೆಗಿದ್ದರು. ಮನೆಯೊಡತಿ ಓರ್ಲಾ ಐರ್ಲೆಂಡಿನವರು; ಸಿರಿವಂತ ಹೆಂಗಸರ ಭಾವಚಿತ್ರ ಬರೆಯುವುದು ಅವರ ಕಸುಬು. ಪ್ರಾಯದಲ್ಲಿ ತಮ್ಮೂರಿನ ಬಂದರಿನ ಮೀನುಗಾರ ಮುದುಕಿಯರನ್ನು ಬರೆಯುತ್ತಿದ್ದರಂತೆ. ಅಂಥದೊಂದು ಚಿತ್ರ ಅಡುಗೆಮನೆಯಲ್ಲಿ ತೂಗುತ್ತಿತ್ತು. ಆ ಸುಕ್ಕು ಮುಖವನ್ನು ಕಂಡಾಗಲೆಲ್ಲ ನಫೀಸಮ್ಮನವರಿಗೆ ತಮ್ಮ ಕೇರಿಯವಳನ್ನೇ ಕಂಡಂತಾಗುತ್ತಿತ್ತು. ಈಗಿನ ಚಿತ್ರಗಳಲ್ಲಿ ಸುಕ್ಕಿಲ್ಲ. ಇಮ್ಮಡಿ ಗಲ್ಲ ಕರಗುತ್ತಿತ್ತು, ದಪ್ಪ ಮೂಗು ಸಂಪಿಗೆಯಾಗುತ್ತಿತ್ತು.

ಕೈ ಬರೆದು ಮುಗಿಯುವವರೆಗೆ ಕೂರುವ ತಾಳ್ಮೆ ಆ ಹೆಂಗಸರಿಗಿರಲಿಲ್ಲ. ಅದಕ್ಕೆ ಓರ್ಲಾ ಕೈ ಬರೆಯಲು ನಫೀಸಮ್ಮನವರನ್ನೇ ಕೂರಿಸತೊಡಗಿದರು.

"ಮುಖ ಬೇಡ ಮೇಡಂ, ನಮ್ಮಲ್ಲಿ ಆಗುದಿಲ್ಲ. ಕೈ ಬೇಕಾದ್ರೆ ಬರೀರಿ," ಎಂದು ನಫೀಸಮ್ಮ ಮೊದಲೇ ಹೇಳಿದ್ದರು.

ಅವರ ಮಣಿಕಟ್ಟಿನಲ್ಲಿ ಕಾವಲಿ ತಾಗಿ ಸುಟ್ಟ ಕಲೆಯಿತ್ತು. ಅದೊಂದನ್ನು ಮಾತ್ರ ಓರ್ಲಾ ಬಿಡದೆ ಬರೆಯುತ್ತಿದ್ದರು, ಬಳೆಯ ನೆರಳಿನಲ್ಲಿ, ಕದ್ದುಮುಚ್ಚಿ.

ಈ ಸಲ ಬಂದವಳು ಅಬುಧಾಬಿಯ ಹೋಟೆಲ್ ಮಾಲೀಕನೊಬ್ಬನ ಹೆಂಡತಿ. ಮಡಿಲಲ್ಲಿ ನಾಯಿಮರಿ. ನಫೀಸಮ್ಮ ಮಾಡಿಕೊಟ್ಟ ಸಮೋಸವನ್ನು ಅದರಿಂದ ನೆಕ್ಕಿಸಿ, ಮತ್ತೆ ತಟ್ಟೆಯಲ್ಲಿ ಉಳಿದವುಗಳ ನಡುವೆ ಇಟ್ಟಳು. ನಫೀಸಮ್ಮ ಅಷ್ಟನ್ನೂ ಕಸಕ್ಕೆ ಸುರಿದರು. ಆಕೆ ಹೋದ ಮೇಲೆ ಚಿತ್ರದಲ್ಲಿ ಗ್ಲಾಸು ಹಿಡಿಯಬೇಕಿದ್ದ ಕೈಗಾಗಿ ನಫೀಸಮ್ಮ ಕೂರಬೇಕಾಯಿತು. ಖಾಲಿ ಗ್ಲಾಸು ಮಂಕಾಗಿ ಕಂಡಿತೆಂದು ತಾವೇ ಊರಿನ ಹುಳಿಹಣ್ಣು ಪುನರ್ಪುಳಿಯ ಶರಬತ್ತು ಸುರಿದುಕೊಂಡರು. ಕೆಂಪು ಬಣ್ಣ ಕಂಡು ಓರ್ಲಾ ಹಿಗ್ಗಿದರು.

ಕೆಲವು ದಿನಗಳಾದ ಮೇಲೆ ಚಿತ್ರ ಒಯ್ಯಲು ಬಂದ ಊರ ಕಡೆಯ ಡ್ರೈವರ್ ಕೀರ್ತನ್, ಮಣಿಕಟ್ಟಿನ ಕಲೆ ಕಂಡು, ಅಡುಗೆಮನೆಗೆ ಇಣುಕಿ ನಕ್ಕ.

"ಎಂತ ನಫೀಸಮ್ಮ, ವೈನ್ ಹಿಡ್ಕೊಂಡು ಕೂತಿದ್ದೀರಲ್ಲ! ರಮ್ಝಾನ್ ಹತ್ರ ಬಂತು ಮಾರಾಯ್ರೆ!"

"ಬಾಯಿ ಮುಚ್ಚು. ಅದು ಪುನರ್ಪುಳಿ."

"ಪುನರ್ಪುಳಿ ಗ್ಲಾಸಿಗೆ ಅಷ್ಟುದ್ದ ಕಾಲು ಯಾವಾಗ ಬಂತು?"

ನಫೀಸಮ್ಮ ಓಡಿಹೋಗಿ ಚಿತ್ರ ನೋಡಿದರು. ಗ್ಲಾಸಿಗೆ ಕಾಲು ಬೆಳೆದಿತ್ತು, ಕೆಂಪು ಕಪ್ಪಿಟ್ಟಿತ್ತು. ಅದನ್ನು ಹಿಡಿದ ಕೈಯಲ್ಲಿ ಕಾವಲಿಯ ಕಲೆ. ನಮಾಝಿಗೆ ಮುನ್ನ ದಿನಕ್ಕೈದು ಸಲ ತೊಳೆಯುವ ಕೈ!

"ಶರಬತ್ತು ಮಕ್ಕಳ ಪಾನೀಯದಂತಿದೆ, ವೈನ್ ಬರೆಯಿರಿ ಎಂದಳು ಆ ಹೋಟೆಲಿನವನ ಹೆಂಡತಿ," ಎಂದರು ಓರ್ಲಾ. "ಕೈ ನಿಮ್ಮದೆಂದು ಯಾರಿಗೆ ಗೊತ್ತು?"

"ನನಗೆ ಗೊತ್ತುಂಟಲ್ಲ! ನಮ್ಮನ್ನು ಹುಟ್ಟಿಸಿದವನಿಗೆ ಗೊತ್ತುಂಟಲ್ಲ! ಗ್ಲಾಸ್ ತೆಗೀರಿ, ಇಲ್ಲದಿದ್ರೆ ಕೈ ತೆಗೀರಿ. ಎರಡೂ ಆಗದಿದ್ರೆ ನಾಳೆಯಿಂದ ಅಡುಗೆ ಖಲಾಸ್!"

ಓರ್ಲಾ ಕೀರ್ತನ್‌ನನ್ನು ಮರಳಿ ಕಳುಹಿಸಿದರು. ಗ್ಲಾಸು ಗಿರಾಕಿ ಕೇಳಿ ಬರೆಸಿದ್ದು, ಅದನ್ನು ಮುಟ್ಟುವಂತಿರಲಿಲ್ಲ; ಅದಕ್ಕೆ ಕೈಯನ್ನೇ ತಿದ್ದತೊಡಗಿದರು. ಮೊದಲು ಕಲೆ ಮುಚ್ಚಿತು, ಆಮೇಲೆ ಗೆಣ್ಣುಗಳು, ಆಮೇಲೆ ನರಗಳು. ಕೊನೆಗೆ ಸಿಪ್ಪೆ ಸುಲಿದ ಬಾಳೆಹಣ್ಣಿನಂಥ ಬೆರಳುಗಳು ಉಳಿದವು.

"ಈಗ ಸರಿ. ಇದು ನಂದಲ್ಲ," ಎಂದರು ನಫೀಸಮ್ಮ.

"ಯಾರದೂ ಅಲ್ಲ," ಎಂದು ಓರ್ಲಾ ಕುಂಚವನ್ನು ಎಸೆದರು.

ಚಿತ್ರ ಅಬುಧಾಬಿ ಸೇರಿತು. ಇಷ್ಟು ಚೆಂದದ ಕೈಯನ್ನು ನೀವು ಹಿಂದೆಂದೂ ಬರೆದಿಲ್ಲ ಎಂದು ಆಕೆ ಫೋನಿನಲ್ಲಿ ಹೊಗಳಿದಳು. ಓರ್ಲಾ ಮುಖ ಸಿಂಡರಿಸಿಕೊಂಡು ಅಡುಗೆಮನೆಗೆ ಬಂದು, ಹಳೆಯ ಚಿತ್ರಕ್ಕೆ ಬೆನ್ನು ಹಾಕಿ ಕುಳಿತರು. ನಫೀಸಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದರು.

"ಮುಂದಿನ ವಾರ ಒಬ್ಬಳು ಬರುತ್ತಾಳೆ. ಕೈಗೆ ಕೂರುತ್ತೀರಾ?"

"ಅವರ ಗ್ಲಾಸ್ ಹಿಡ್ಕೊಂಡು ಕೂರುದಿಲ್ಲ. ಕೈ ಬೇಕಾದ್ರೆ ಈಗ ಬರೀರಿ, ಮೀನಿನ ಸಮೇತ. ಆ ಅಜ್ಜಿಯದ್ದು ಬರೆದ ಹಾಗೆ."

ಓರ್ಲಾ ರಕ್ತ ಮೆತ್ತಿದ ಆ ಬೆರಳುಗಳನ್ನೂ ಕಲೆಯನ್ನೂ ಬಹಳ ಹೊತ್ತು ನೋಡಿದರು.

"ಇದನ್ನು ಯಾರು ಕೊಳ್ಳುತ್ತಾರೆ, ನಫೀಸಮ್ಮ?"

"ಥೂ! ಆ ಅಜ್ಜಿಯನ್ನು ಬರೆದದ್ದು ಕೊಳ್ಳುವವರಿಗಾ?" ಎಂದರು ನಫೀಸಮ್ಮ. ಮೀನಿನ ಕರುಳನ್ನು ಕಿತ್ತು ಬುಟ್ಟಿಗೆ ಎಸೆದು, ಇನ್ನೊಂದು ಬಂಗುಡೆ ಕೈಗೆತ್ತಿಕೊಂಡರು.