ನನಗೆಂದು ಹಾಕಿದ ಕುರ್ಚಿ

ವಾಕಡದ ನಮ್ಮ ಮನೆಯಲ್ಲಿ ಊಟದ ಮೇಜಿನ ಅರ್ಧ ಭಾಗ ನನ್ನ ಕಾರಿನದು. ಹೆಚ್ಚುಕಡಿಮೆ ಮೊಳದುದ್ದದ, ರಿಮೋಟಿನಿಂದ ಓಡುವ ರೇಸ್ ಕಾರು. ಮನೆಗೆ ಬಂದವರು ಅದನ್ನು ನೋಡಿ ಮೊಮ್ಮಗನದೇನು ಎಂದು ಕೇಳುತ್ತಾರೆ. ನನ್ನದು ಎಂದರೆ ನಗುತ್ತಾರೆ. ನಾನು ನಗುವುದಿಲ್ಲ. ಅವರ ಚಹಾ ಆರಿ ತಣ್ಣಗಾಗುವವರೆಗೂ ಡಿಫರೆನ್ಷಿಯಲ್ ಎಂಬ ಗಿಯರ್ ಡಬ್ಬಿಗೆ ಯಾವ ಎಣ್ಣೆ ಹಾಕಬೇಕು, ಯಾಕೆ ಹಾಕಬೇಕು ಎಂದು ವಿವರಿಸುತ್ತೇನೆ. ಎರಡನೇ ಸಲ ಯಾರೂ ಕೇಳಿಲ್ಲ.

ಧಾರವಾಡದಿಂದ ಮದುವೆಯಾಗಿ ಈ ಮರಾಠಿ ಊರಿಗೆ ಬಂದವಳು ನಾನು. ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ತಪಾಸಣೆಯ ಕೆಲಸ ಮಾಡಿದೆ. ವರ್ನಿಯರ್ ಹಿಡಿದು ಊರವರ ಕಾರುಗಳ ಬೋಲ್ಟು ಅಳೆದದ್ದು ಸಾಕಾಯಿತು. ನಿವೃತ್ತಿಯಾದ ತಿಂಗಳೇ ನನ್ನದೇ ಒಂದು ಕಾರು ಕೊಂಡೆ.

ಪ್ರತಿ ರೇಸಿನ ನಂತರ ಅದನ್ನು ಪೂರ್ತಿ ಬಿಚ್ಚುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆದು, ಬೇರಿಂಗುಗಳನ್ನು ಒಂದೊಂದಾಗಿ ಬೆರಳ ಮೇಲೆ ತಿರುಗಿಸಿ ನೋಡುತ್ತೇನೆ. ಕರಕರ ಎಂದದ್ದು ಕಸದ ಬುಟ್ಟಿಗೆ. ಮೋಟಾರಿನ ಸಣ್ಣ ಗಿಯರಿಗೂ ದೊಡ್ಡ ಗಿಯರಿಗೂ ನಡುವೆ ಕಾಗದದ ಚೂರಿಟ್ಟು ಬಿಗಿದು, ಆಮೇಲೆ ಕಾಗದ ಎಳೆದರೆ ಸರಿಯಾದ ಅಂತರ ಉಳಿಯುತ್ತದೆ. ಅದಕ್ಕೆ ನಾನು ಕ್ಯಾಲೆಂಡರಿನ ಹಾಳೆ ಹರಿಯುತ್ತೇನೆ. ಮನೆಯ ಏಕಾದಶಿಗಳೆಲ್ಲ ಆ ಗಿಯರಿನ ಹಲ್ಲಿಗೆ ಸಿಕ್ಕಿವೆ ಎಂದು ನಮ್ಮ ಯಜಮಾನರ ದೂರು.

ಶುರುವಿನಲ್ಲಿ ಒಂದು ದಡ್ಡತನ ಮಾಡಿದೆ. ಮುಂದಿನ ಚಕ್ರ ಹಿಡಿಯುವ ಪ್ಲಾಸ್ಟಿಕ್ ತೋಳು ಮುರಿಯಿತೆಂದು ಗಟ್ಟಿ ಅಲ್ಯೂಮಿನಿಯಂ ತೋಳು ಹಾಕಿದೆ. ಮುಂದಿನ ಡಿಕ್ಕಿಯಲ್ಲಿ ತೋಳಿಗೆ ಏನೂ ಆಗಲಿಲ್ಲ, ಅದನ್ನು ಹಿಡಿದಿದ್ದ ಬುಡವೇ ಕಿತ್ತುಬಂತು. ಮೊದಲ ಭಾಗ ಸ್ವಲ್ಪವೂ ಬಾಗದಿದ್ದರೆ ಪೆಟ್ಟು ಮುಂದಿನ ಭಾಗಕ್ಕೆ ಹೋಗುತ್ತದೆ ಎಂಬುದು ಇಷ್ಟು ವರ್ಷ ಲೋಹ ಮುಟ್ಟಿದವಳಿಗೆ ಗೊತ್ತಿರಬೇಕಿತ್ತು. ತೆಪ್ಪಗೆ ಪ್ಲಾಸ್ಟಿಕ್ಕಿಗೆ ಮರಳಿದೆ.

ತಿಂಗಳಿಗೊಂದು ಭಾನುವಾರ ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ನಮ್ಮ ಗುಂಪಿನ ರೇಸು. ಅಲ್ಲೊಂದು ಪದ್ಧತಿ ಇದೆ. ನಿಮ್ಮ ರೇಸು ಮುಗಿದ ಕೂಡಲೇ ಮನೆಗೆ ಹೋಗುವಂತಿಲ್ಲ. ಕಿತ್ತಳೆ ಜಾಕೆಟ್ಟು ತೊಟ್ಟು ಒಂದು ತಿರುವಿನಲ್ಲಿ ನಿಂತು, ಮುಂದಿನ ರೇಸಿನವರ ಕಾರು ಮಗುಚಿದರೆ ನೇರ ಮಾಡಿ ಬಿಡಬೇಕು. ಹಾಗೆ ನಿಂತವರೇ ಮಾರ್ಷಲ್. ಕಾರು ಓಡಿಸುವವರು ರಿಮೋಟು ಹಿಡಿದು ದೂರದಲ್ಲಿ ಎತ್ತರಿಸಿ ಕಟ್ಟಿದ ಅಟ್ಟದ ಮೇಲಿರುತ್ತಾರೆ, ಇಳಿದು ಬರುವಂತಿಲ್ಲ. ಮಗುಚಿದಾಗ 'ಮಾರ್ಷಲ್' ಎಂದು ಕೂಗುವುದೊಂದೇ ಅವರಿಗಿರುವ ದಾರಿ. ಗೆದ್ದವನೂ ನಿಲ್ಲಬೇಕು, ಸೋತವನೂ ನಿಲ್ಲಬೇಕು. ನಿಲ್ಲದವನಿಗೆ ಆ ದಿನದ ಫಲಿತಾಂಶದ ಪಟ್ಟಿಯಲ್ಲಿ ಸ್ಥಾನವಿಲ್ಲ. ಈ ಪದ್ಧತಿ ನನಗೆ ತುಂಬ ಇಷ್ಟ.

ಮಳೆಗಾಲ ಮುಗಿದ ಮೇಲಿನ ಮೊದಲ ರೇಸಿನಲ್ಲಿ, ನಾನು ಮಾರ್ಷಲ್ ಆಗಿ ನಿಂತಿದ್ದಾಗ ಬಲ ಮೊಣಕಾಲು ಕೈಕೊಟ್ಟಿತು. ನನ್ನ ತಿರುವಿನಲ್ಲಿ ಮಗುಚಿದ್ದು ನಮ್ಮ ಗುಂಪಿನ ರೇಸುಗಳನ್ನು ಏರ್ಪಡಿಸುವ ಯುವಕನದೇ ಕಾರು. ಮೈಸೂರು ಕಡೆಯವನು, ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿ ಕೆಲಸ. ಎಲ್ಲರಿಗೂ ಮಾರ್ಷಲ್ ಎಂದು ಕೂಗುವವನು ನನಗೆ ಮಾತ್ರ 'ಆಂಟಿ, ಹುಷಾರು' ಎಂದ. ನಾನು ಹಲ್ಲುಕಚ್ಚಿ ಬಗ್ಗಿ ಕಾರು ಎತ್ತುವಷ್ಟರಲ್ಲಿ ಇಬ್ಬರು ಅವನನ್ನು ದಾಟಿ ಹೋಗಿದ್ದರು. ರೇಸು ಮುಗಿದ ಮೇಲೆ ಬಂದ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಅವನು ನಗುನಗುತ್ತಾ ಮಾತಾಡಿದ.

"ಆಂಟಿ, ಇನ್ಮೇಲೆ ನೀವು ಮಾರ್ಷಲ್ ಡ್ಯೂಟಿ ಬಿಟ್ಬಿಡಿ, ನಾವೇ ಮ್ಯಾನೇಜ್ ಮಾಡ್ತೀವಿ. ನಿಮಗೆ ಅಂತ ಒಂದು ಚೇರ್ ಹಾಕಿಸ್ತೀನಿ."

"ಪಟ್ಟಿಯೊಳಗ ನನ್ನ ಹೆಸರು?"

"ಕೆಳಗೆ ಗೆಸ್ಟ್ ಅಂತ ಹಾಕ್ತೀವಿ. ರ‍್ಯಾಂಕ್ ಎಲ್ಲ ಯಾಕೆ ಆಂಟಿ, ಆರಾಮಾಗಿ ಎಂಜಾಯ್ ಮಾಡಿ."

ಅವಮಾನದಿಂದ ನನ್ನ ಕಿವಿ ಬಿಸಿಯಾದವು. ಕಾರ್ಖಾನೆಯಲ್ಲೂ ಒಮ್ಮೆ ಹೀಗೆಯೇ ಆಗಿತ್ತು. ಹೆಂಗಸಿಗೆ ಕಷ್ಟವೆಂದು ಬಹಳ ಪ್ರೀತಿಯಿಂದ ನನ್ನನ್ನು ಯಂತ್ರಗಳ ಬಳಿಯಿಂದ ತೆಗೆದು ಕಡತಗಳ ಕೋಣೆಗೆ ಕಳಿಸಿದ್ದರು. ಅಲ್ಲಿಂದ ಹೊರಬರಲು ಎರಡು ವರ್ಷ ಜಗಳವಾಡಬೇಕಾಯಿತು. ಆ ಪ್ರೀತಿಯ ಪರಿಚಯ ನನಗೆ ಚೆನ್ನಾಗಿದೆ.

ಮನೆಯಲ್ಲಿ ಹೇಳಿದರೆ ಯಜಮಾನರೂ ಅವನ ಪಕ್ಷ. "ಕುರ್ಚಿ ಕೊಡ್ತೀನಿ ಅಂದ್ರ ಕೂಡಬೇಕಿಲ್ಲೋ? ನಿನ್ನ ಮೊಣಕಾಲಿಗೆ ಸ್ಪೇರ್ ಪಾರ್ಟ್ ಎಲ್ಲೆ ಸಿಗ್ತದ?"

"ಸಿಗದಿದ್ರ ನಾನ ಮಾಡ್ಕೋತೀನ್ರಿ," ಎಂದೆ.

ಮರುದಿನವೇ ಜೇಡರಬಲೆ ತೆಗೆಯುವ ಅಲ್ಯೂಮಿನಿಯಂ ಕೋಲನ್ನು ಕತ್ತರಿಸಿ ತುದಿಗೆ ಕೊಕ್ಕೆ ಮಾಡಿದೆ. ಬಗ್ಗದೆಯೇ ಕಾರು ಹೊರಳಿಸಬೇಕೆಂಬುದು ಲೆಕ್ಕಾಚಾರ. ಕೊಕ್ಕೆ ಜಾರಿತು, ಕಾರಿನ ಮೈಗೆ ಗೀರು ಬಿತ್ತು. ಮತ್ತೆ ಅದೇ ಅಲ್ಯೂಮಿನಿಯಂ, ಅದೇ ದಡ್ಡತನ. ಆಮೇಲೆ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಪೈಪನ್ನು ಗ್ಯಾಸಿನ ಉರಿಯಲ್ಲಿ ಹದವಾಗಿ ಕಾಯಿಸಿ ಬಗ್ಗಿಸಿ, ತುದಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆ. ಮಗುಚಿದ ಕಾರಿನ ಒಂದು ಚಕ್ರಕ್ಕೆ ಸಿಕ್ಕಿಸಿ ಮಣಿಕಟ್ಟು ತಿರುಗಿಸಿದರೆ ಹೊರಳಿ ನಿಲ್ಲುತ್ತಿತ್ತು. ದಿನಾ ಸಂಜೆ ಪಾರ್ಕಿಂಗಿನಲ್ಲಿ ಯಜಮಾನರು ಕಾರನ್ನು ಮಗುಚಿಡುವುದು, ನಾನು ನೇರ ಮಾಡುವುದು. ಗೊಣಗುತ್ತಲೇ ಅವರು ಒಂದು, ಎರಡು ಎಂದು ಎಣಿಸುತ್ತಿದ್ದರು. ಮೊದಲ ದಿನ ಏಳಕ್ಕೆ ಹೋದ ಎಣಿಕೆ ತಿಂಗಳ ಕೊನೆಗೆ ಎರಡರಲ್ಲಿ ನಿಂತಿತು. ನಮ್ಮ ಅಪಾರ್ಟ್‌ಮೆಂಟಿನವರು ಕಿಟಕಿಯಿಂದ ನೋಡಿ ನಕ್ಕರು. ನಗಲಿ ಬಿಡಿ.

ಮುಂದಿನ ರೇಸಿನ ದಿನ ಟ್ರ್ಯಾಕಿನ ಪಕ್ಕದಲ್ಲಿ ನಿಜವಾಗಿಯೂ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಇತ್ತು, ಮೇಲೊಂದು ದಿಂಬು ಬೇರೆ. ನನ್ನ ರೇಸಿನಲ್ಲಿ ಒಂಬತ್ತು ಜನರಲ್ಲಿ ಏಳನೆಯವಳಾದೆ. ಆ ಮಣ್ಣಿಗೆ ಒಗ್ಗದ ಟಯರು ಹಾಕಿದ್ದೆ, ತಪ್ಪು ನನ್ನದೇ. ಕಾರು ಎತ್ತಿಟ್ಟು, ಬೇಲಿಯ ಮೇಲಿದ್ದ ಜಾಕೆಟ್ಟು ತೊಟ್ಟು, ಕೋಲು ಹಿಡಿದು, ಎಲ್ಲರೂ ಹೆಚ್ಚು ಬೀಳುವ ದಿಬ್ಬದ ಬಳಿ ಹೋಗಿ ನಿಂತೆ. ಮುಂದಿನ ರೇಸು ಆ ಯುವಕನದು. ಅಟ್ಟದ ಮೇಲಿಂದ ನನ್ನನ್ನು ನೋಡಿದ.

"ಆಂಟಿ, ಚೇರ್ ಆ ಕಡೆ ಇದೆ."

"ನೋಡೀನಿ ತಮ್ಮಾ. ನೀ ಕಾರ್ ಬಿಡು."

ಮೂರನೇ ಸುತ್ತಿನಲ್ಲಿ ಅವನ ಕಾರೇ ದಿಬ್ಬ ಹಾರಿ ಮೂಗಿನ ಮೇಲೆ ಬಿದ್ದು ಮಗುಚಿತು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಕೋಲು ಚಾಚಿದೆ. ಇಲ್ಲಿ ತಪ್ಪಿದರೆ ನಾನಾಗಿಯೇ ಹೋಗಿ ಆ ದಿಂಬಿನ ಮೇಲೆ ಕೂರಬೇಕಾಗುತ್ತಿತ್ತು. ಕೊಕ್ಕೆ ಸಿಕ್ಕಿಸಿ ತಿರುಗಿಸಿದೆ. ಅಟ್ಟದಿಂದ "ಮಾರ್ಷಲ್" ಎಂಬ ಅವನ ಕೂಗು ಕೇಳುವಾಗ ಕಾರು ಆಗಲೇ ನಾಲ್ಕು ಚಕ್ರಗಳ ಮೇಲೆ ನಿಂತಿತ್ತು. ಒಬ್ಬನೂ ಅವನನ್ನು ದಾಟಲಿಲ್ಲ.

ಮಧ್ಯಾಹ್ನ ಪಟ್ಟಿ ಅಂಟಿಸಿದರು. ಏಳನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಕೆಳಗೆ ಗೆಸ್ಟ್ ಎಂಬ ಸಾಲು ಇರಲಿಲ್ಲ. ಎರಡು ಸಲ ಓದಿದೆ. ಅಷ್ಟರಲ್ಲಿ ಯಜಮಾನರ ಫೋನು ಬಂತು.

"ಕುರ್ಚಿ ಹಾಕಿದ್ರೇನು?"

"ಹಾಕ್ಯಾರ್ರಿ. ಅದರ ಮ್ಯಾಲೆ ನನ್ನ ಟೂಲ್ ಬಾಕ್ಸ್ ಕೂತದ."